ಸರ್ವರ್ ಕೆಟ್ಟಾಗಲೂ ಸೇವೆ ಮುಂದುವರಿಯುವ ಬಗೆ: ಪೇಸ್‌ಮೇಕರ್ ತಂತ್ರಾಂಶ ಮತ್ತು ಅದರ 3.0 ಆವೃತ್ತಿ

ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರು ಒಮ್ಮೊಮ್ಮೆ ‘ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ’ ಎಂಬ ಸೂಚನೆಯನ್ನು ಕಾಣುವುದುಂಟು. ಸೇವೆಯು ಒಂದೇ ಸರ್ವರನ್ನು ಅವಲಂಬಿಸಿದ್ದಲ್ಲಿ, ಆ ಯಂತ್ರ ಕೆಟ್ಟರೆ ದುರಸ್ತಿಯಾಗುವವರೆಗೂ ಕೆಲಸ ಸ್ಥಗಿತಗೊಳ್ಳುತ್ತದೆ. ಇದನ್ನು ತಪ್ಪಿಸಲು ಎರಡು ಅಥವಾ ಹೆಚ್ಚು ಸರ್ವರ್‌ಗಳನ್ನು ಜೋಡಿಸಿ, ಒಂದು ಕೆಟ್ಟಾಗ ಮತ್ತೊಂದು ಅದರ ಕಾರ್ಯಭಾರವನ್ನು ವಹಿಸಿಕೊಳ್ಳುವಂತೆ ಮಾಡುವ ವ್ಯವಸ್ಥೆಗೆ ಕ್ಲಸ್ಟರ್ ಎಂದು ಹೆಸರು. ಇಂತಹ ವ್ಯವಸ್ಥೆಯನ್ನು ನಿರ್ವಹಿಸುವ ಮುಕ್ತ ತಂತ್ರಾಂಶಗಳಲ್ಲಿ ಪೇಸ್‌ಮೇಕರ್ ಪ್ರಮುಖವಾದುದು. ಇದರ 3.0 ಆವೃತ್ತಿಯು 2025ರ ಜನವರಿಯಲ್ಲಿ ಬಿಡುಗಡೆಯಾಯಿತು.

1990ರ ದಶಕದ ಕೊನೆಯಲ್ಲಿ ಅಲನ್ ರಾಬರ್ಟ್‌ಸನ್ ಅವರು ಆರಂಭಿಸಿದ ‘ಹಾರ್ಟ್‌ಬೀಟ್’ ತಂತ್ರಾಂಶವೇ ಇದರ ಮೂಲ. ಸರ್ವರ್‌ಗಳು ಹೃದಯ ಬಡಿತದಂತೆ ‘ನಾನಿದ್ದೇನೆ’ ಎಂಬ ಸಂಕೇತವನ್ನು ಪರಸ್ಪರ ಕಳುಹಿಸುತ್ತಿದ್ದುದರಿಂದ ಆ ಹೆಸರು ಬಂದಿತು. 2008ರ ವೇಳೆಗೆ ಅದರಿಂದ ಬೇರ್ಪಟ್ಟ ಪೇಸ್‌ಮೇಕರ್, ಯಾವ ಸೇವೆ ಯಾವ ಯಂತ್ರದಲ್ಲಿ ನಡೆಯಬೇಕೆಂಬ ತೀರ್ಮಾನವನ್ನು ಕೈಗೊಳ್ಳುತ್ತದೆ. ಸಂಕೇತಗಳ ವಿನಿಮಯವನ್ನು ‘ಕೋರೋಸಿಂಕ್’ ಎಂಬ ಜೊತೆ ತಂತ್ರಾಂಶ ನೋಡಿಕೊಳ್ಳುತ್ತದೆ. ಜರ್ಮನಿಯ ವಿಮಾನ ಸಂಚಾರ ನಿಯಂತ್ರಣ ಸಂಸ್ಥೆಯೂ ಪೇಸ್‌ಮೇಕರನ್ನು ಬಳಸಿದೆ.

ಎರಡನೆಯ ಯಂತ್ರವನ್ನು ಚಾಲನೆಗೊಳಿಸುವುದು ಕಷ್ಟವಲ್ಲ. ಮೊದಲನೆಯದು ನಿಜವಾಗಿ ನಿಂತಿದೆಯೇ ಎಂದು ಖಚಿತಪಡಿಸಿಕೊಳ್ಳುವುದೇ ಕಷ್ಟ. ಸಂಕೇತ ಬಾರದಿರಲು ಯಂತ್ರ ಕೆಟ್ಟಿರುವುದೇ ಕಾರಣವಾಗಬೇಕಿಲ್ಲ, ನಡುವಿನ ಕೇಬಲ್ ಕಡಿದಿರಲೂಬಹುದು. ಆಗ ಎರಡೂ ಯಂತ್ರಗಳು ‘ಮತ್ತೊಂದು ಸತ್ತಿದೆ’ ಎಂದು ಭಾವಿಸಿ ಏಕಕಾಲಕ್ಕೆ ಸೇವೆ ನೀಡತೊಡಗಿದರೆ, ಇಬ್ಬರು ಅರ್ಜಿದಾರರಿಗೆ ಒಂದೇ ಅರ್ಜಿ ಸಂಖ್ಯೆ ದೊರೆಯಬಹುದು, ಅಥವಾ ಒಬ್ಬರ ದಾಖಲೆಯ ಮೇಲೆ ಮತ್ತೊಬ್ಬರದು ಬರೆಯಲ್ಪಡಬಹುದು. ಕೆಲವು ನಿಮಿಷ ಸೇವೆ ನಿಲ್ಲುವುದಕ್ಕಿಂತ ಇದು ಹೆಚ್ಚಿನ ಹಾನಿ. ಏಕೆಂದರೆ ಹೀಗೆ ಕೆಟ್ಟ ದಾಖಲೆಯನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು.

ಆದುದರಿಂದ ಪೇಸ್‌ಮೇಕರ್, ಸಂಶಯಾಸ್ಪದ ಯಂತ್ರದ ವಿದ್ಯುತ್ತನ್ನು ದೂರದಿಂದಲೇ ಕಡಿತಗೊಳಿಸಿ, ಅಥವಾ ದತ್ತಾಂಶದೊಂದಿಗಿನ ಅದರ ಸಂಪರ್ಕವನ್ನು ಕತ್ತರಿಸಿ, ನಂತರವೇ ಸೇವೆಯನ್ನು ವರ್ಗಾಯಿಸುತ್ತದೆ. ಇದಕ್ಕೆ ಫೆನ್ಸಿಂಗ್, ಅಂದರೆ ಬೇಲಿ ಹಾಕುವುದು, ಎನ್ನುತ್ತಾರೆ. ‘ಸ್ಟೋನಿತ್’ ಎಂಬ ಇನ್ನೊಂದು ಹೆಸರೂ ಇದಕ್ಕಿದೆ. ಮತ್ತೊಂದು ಯಂತ್ರದ ತಲೆಗೆ ಗುಂಡಿಕ್ಕು ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದುದು. ಹೆಸರು ಒರಟಾದರೂ ಕ್ರಮ ವಿವೇಕಯುತವಾದುದೇ. ಬೇಲಿಯ ಸಾಧನವನ್ನು ನಿಗದಿಪಡಿಸದಿದ್ದಲ್ಲಿ, ಈ ರಕ್ಷಣೆಯನ್ನು ಉದ್ದೇಶಪೂರ್ವಕವಾಗಿ ರದ್ದುಪಡಿಸದ ಹೊರತು, ಪೇಸ್‌ಮೇಕರ್ ಸೇವೆಗಳನ್ನು ಆರಂಭಿಸುವುದೇ ಇಲ್ಲ.

ಮತ್ತೊಂದು ರಕ್ಷಣೆ ಕೋರಂ. ಪಂಚಾಯಿತಿ ಸಭೆಯಲ್ಲಿ ಕೋರಂ ಇಲ್ಲದೆ ನಿರ್ಣಯ ಕೈಗೊಳ್ಳುವಂತಿಲ್ಲವಷ್ಟೆ. ಅಂತೆಯೇ ಮೂರು ಸರ್ವರ್‌ಗಳ ಕ್ಲಸ್ಟರಿನಲ್ಲಿ ಕನಿಷ್ಠ ಎರಡು ಪರಸ್ಪರ ಸಂಪರ್ಕದಲ್ಲಿರಬೇಕು. ಒಂಟಿಯಾಗಿ ಉಳಿದುದು, ಬೇರೆ ಆದೇಶವಿಲ್ಲದಿದ್ದರೆ, ತನ್ನ ಸೇವೆಗಳನ್ನು ತಾನೇ ನಿಲ್ಲಿಸುತ್ತದೆ. ಎರಡೇ ಯಂತ್ರಗಳಿರುವಲ್ಲಿ ಬಹುಮತ ಸಿಗದಾದ್ದರಿಂದ, ಬೇರೆ ಸ್ಥಳದಲ್ಲಿರುವ ಮೂರನೆಯ ಗಣಕಯಂತ್ರಕ್ಕೆ ಮತ ನೀಡುವ ಕೆಲಸವನ್ನಷ್ಟೇ ವಹಿಸುವುದು ಒಳಿತು.

2018ರ 2.0 ಆವೃತ್ತಿಯಲ್ಲಿಯೇ ಹಾರ್ಟ್‌ಬೀಟ್‌ನೊಂದಿಗಿನ ಹೊಂದಾಣಿಕೆಯನ್ನು ಕೈಬಿಡಲಾಗಿತ್ತು. 3.0ರಲ್ಲಿ ಬಳಕೆ ತಪ್ಪಿದ ಇನ್ನೂ ಕೆಲವು ಸೌಲಭ್ಯಗಳನ್ನು ತೆಗೆದುಹಾಕಲಾಗಿದೆ. ಒಂದೊಂದೇ ಸರ್ವರನ್ನು ಸೇವೆಯಿಂದ ಬಿಡಿಸಿ, ನವೀಕರಿಸಿ, ಮರಳಿ ಸೇರಿಸುವ ಕ್ರಮದಿಂದ ಸೇವೆಗೆ ಅಲ್ಪಾವಧಿಯ ಅಡಚಣೆ ಮಾತ್ರ ಆಗುತ್ತದೆ, ಆದರೆ 2.0ಕ್ಕಿಂತ ಹಿಂದಿನ ಆವೃತ್ತಿಯಿಂದ ನೇರವಾಗಿ 3.0ಕ್ಕೆ ಈ ರೀತಿ ಬರಲು ಅವಕಾಶವಿರುವುದಿಲ್ಲ.

ಕ್ಲಸ್ಟರ್ ಇದ್ದ ಮಾತ್ರಕ್ಕೆ ದತ್ತಾಂಶದ ಪ್ರತ್ಯೇಕ ಬ್ಯಾಕಪ್ ಅನಗತ್ಯವೆಂದು ಭಾವಿಸಬಾರದು. ತಪ್ಪಾಗಿ ಅಳಿಸಿದ ದಾಖಲೆ ಎಲ್ಲ ಪ್ರತಿಗಳಲ್ಲಿಯೂ ಅಳಿಸಿಹೋಗುತ್ತದೆ.

ಸೇವೆಯು ಒಂದು ಯಂತ್ರದಿಂದ ಮತ್ತೊಂದಕ್ಕೆ ವರ್ಗವಾಗುವ ಕ್ಷಣದಲ್ಲಿ, ದತ್ತಾಂಶದಲ್ಲಿ ಇನ್ನೂ ದಾಖಲಾಗದ ಅರ್ಜಿ ಉಳಿಯದೆ ಹೋಗಬಹುದು. ಸ್ವೀಕೃತಿ ಸಂಖ್ಯೆ ಕಾಣಿಸಿದ್ದಲ್ಲಿ ಅದನ್ನು ಬರೆದಿಟ್ಟುಕೊಳ್ಳತಕ್ಕದ್ದು. ಶುಲ್ಕ ಪಾವತಿಯ ನಡುವೆ ಪುಟ ಸ್ಥಗಿತಗೊಂಡಲ್ಲಿ, ಅರ್ಜಿದಾರರು ಕೆಲ ಸಮಯದ ನಂತರ ಅರ್ಜಿಯ ಸ್ಥಿತಿಯನ್ನೂ ಬ್ಯಾಂಕ್ ಖಾತೆಯನ್ನೂ ಪರಿಶೀಲಿಸಿ, ಹಣ ಕಡಿತವಾಗಿಲ್ಲವೆಂದು ಖಚಿತವಾದ ನಂತರವೇ ಎರಡನೆಯ ಬಾರಿ ಪಾವತಿಸಲು ಕೋರಲಾಗಿದೆ.