ನಾಲ್ಕು ಭಾನುವಾರಗಳ ಹಬ್ಬ

ಧಾರವಾಡದ ಲಕಮನಹಳ್ಳಿಯಂಥ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ, ಗಂಡ ಒಂದು ಪಾಳಿಗೂ ಹೆಂಡತಿ ಇನ್ನೊಂದು ಕೆಲಸಕ್ಕೂ ಹೋಗುವ ಮನೆಗಳಲ್ಲಿ, ಕ್ರಿಸ್‌ಮಸ್ ಸಿದ್ಧತೆ ಎಂಬುದು ಮೊದಲು ಸಮಯದ ಪ್ರಶ್ನೆ. ಅದರ ಭಾರವೆಲ್ಲ ಡಿಸೆಂಬರ್ 23 ಮತ್ತು 24ರ ಮೇಲೆ, ಅದರಲ್ಲೂ ಹೆಣ್ಣುಮಕ್ಕಳ ಹೆಗಲಿಗೆ ಬೀಳುವುದು ರೂಢಿಯಾಗಿಬಿಟ್ಟಿದೆ. ಈ ಅವಸರಕ್ಕೆ ಪರಿಹಾರ ಹೊರಗೆಲ್ಲೂ ಇಲ್ಲ, ಹಬ್ಬದ ಪಂಚಾಂಗದಲ್ಲಿಯೇ ಇದೆ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಗೆ ಆಗಮನ ಕಾಲ ಅಥವಾ ಅಡ್ವೆಂಟ್ ಎಂದು ಹೆಸರು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಕಾಲಿಟ್ಟ ಬಾಸೆಲ್ ಮಿಷನ್ನಿನ ಪಾದ್ರಿಗಳು ಬೆಳೆದು ಬಂದ ಜರ್ಮನ್ ಭಾಷಿಕ ಸೀಮೆಯಲ್ಲಿ ಈ ಕಾಲಕ್ಕೆ ವಿಶೇಷ ಮನ್ನಣೆಯಿತ್ತು. ಹುಬ್ಬಳ್ಳಿಯಲ್ಲಿ ಮಿಷನ್ ನೆಲೆಯೂರಿದ ಅದೇ 1839ರಲ್ಲಿ ಹ್ಯಾಂಬುರ್ಗ್ ನಗರದಲ್ಲಿ ಅನಾಥ, ಬಡ ಮಕ್ಕಳ ಆಶ್ರಯಧಾಮವನ್ನು ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್, ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ದಿನವೂ ಪೀಡಿಸುತ್ತಿದ್ದ ಹುಡುಗರಿಗಾಗಿ ಗಾಡಿಯ ಗಾಲಿಯೊಂದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ, ಉಳಿದ ದಿನಗಳಿಗೆ ಚಿಕ್ಕ ಮೇಣದ ಬತ್ತಿಗಳನ್ನು ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದನೆಂಬುದು ಪ್ರಸಿದ್ಧ. ಕಾಯುವುದನ್ನು ದಿನಗಳಿಗೆ ಹಂಚಿದ ಆ ಉಪಾಯ ಕೆಲಸವನ್ನು ಹಂಚುವುದಕ್ಕೂ ಒಗ್ಗುತ್ತದೆ.

ಅಡುಗೆಮನೆಯಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ಕರ್ಜಿಕಾಯಿಯಿಂದಲೇ ತಿಳಿಯಬಹುದು. ಒಣಕೊಬ್ಬರಿ, ಪುಟಾಣಿ, ಗಸಗಸೆ, ಯಾಲಕ್ಕಿಗಳನ್ನು ಬೆಚ್ಚಗೆ ಹುರಿದು, ಪೂರ್ತಿ ಆರಿದ ಬಳಿಕ ಸಕ್ಕರೆಪುಡಿ ಬೆರೆಸಿದ ಹೂರಣದಲ್ಲಿ ನೀರಿನಂಶ ತೀರ ಕಡಿಮೆಯಿರುವುದರಿಂದ ಅದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ಹಸಿಕಾಯಿ ಹಾಕಿದರೆ ಆ ಅನುಕೂಲವಿಲ್ಲ. ಹೂರಣ ಮೊದಲೇ ಸಿದ್ಧವಿದ್ದರೆ, ಹಬ್ಬದ ವಾರದಲ್ಲಿ ಉಳಿಯುವುದು ಹಾಳೆ ಲಟ್ಟಿಸಿ, ತುಂಬಿ, ಕರಿಯುವ ಕೆಲಸವಷ್ಟೆ. ಅಂಚಿಗೆ ಹಾಲು ಸವರಿ ಒತ್ತದಿದ್ದರೆ ಕರ್ಜಿಕಾಯಿ ಎಣ್ಣೆಯಲ್ಲಿ ಬಾಯಿಬಿಟ್ಟು, ಹೂರಣವೆಲ್ಲ ತಳ ಸೇರಿ ಕರಕಲಾಗುತ್ತದೆ. ಆ ಸವರಿ ಒತ್ತುವ ಕೆಲಸ ಮಾತ್ರ ಗಂಡಸರಿಂದಲೂ ಮಕ್ಕಳಿಂದಲೂ ಸಲೀಸಾಗಿ ಆಗುವಂಥದ್ದು, ಅವರನ್ನು ಅದರಿಂದ ದೂರವಿಟ್ಟದ್ದು ರೂಢಿಯೇ ಹೊರತು ಕೌಶಲದ ಕೊರತೆಯಲ್ಲ. ಚಕ್ಕುಲಿ ಹಿಟ್ಟನ್ನೂ ಗಿರಣಿಯಲ್ಲಿ ಬೇಗನೆ ಬೀಸಿಸಿಡಬಹುದು.

ಇನ್ನು ನೆರೆಮನೆಗಳಿಗೆ ಕಳಿಸುವ ತಟ್ಟೆಯ ಮಾತು. ಕರಾವಳಿಯ ಕ್ರೈಸ್ತರು ಕುಸ್ವಾರ್ ಎಂದು ಕರೆಯುವ ಹಬ್ಬದ ತಿಂಡಿಗಳ ಗುಂಪಿನಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿಸ್ ಮುಂತಾಗಿ ಹಲವು ಬಗೆಗಳಿರುತ್ತವೆ. ಧಾರವಾಡದ ಕಡೆ ದೀಪಾವಳಿಗೂ ರಂಜಾನಿಗೂ ಬಂದ ತಟ್ಟೆಗಳಿಗೆ ಪ್ರತಿಯಾಗಿ ಹೋಗಬೇಕಾದ ತಟ್ಟೆಯೂ ತುಂಬಿಕೊಂಡೇ ಹೋಗಬೇಕೆಂಬ ಮರ್ಯಾದೆಯಿದೆ. ಆ ಮರ್ಯಾದೆ ತಟ್ಟೆ ಕಳಿಸುವುದರಲ್ಲಿದೆ, ಬಗೆಗಳ ಎಣಿಕೆಯಲ್ಲಲ್ಲ. ಮನೆಯಲ್ಲಿ ಮಾಡಿದ ಎರಡು ತಿಂಡಿಗಳ ಜೊತೆಗೆ ಅಂಗಡಿಯ ಕೇಕಿನ ತುಂಡೋ ಧಾರವಾಡ ಪೇಡೆಯೋ ಇದ್ದರೆ ಯಾರೂ ಲೆಕ್ಕ ಕೇಳುವುದಿಲ್ಲ. ರಾತ್ರಿ ಮನೆಮನೆಗೆ ಹಾಡುತ್ತ ಬರುವ ಕ್ಯಾರಲ್ ತಂಡಕ್ಕಂತೂ ಬಿಸಿ ಚಹಾ, ಗಿರ್ಮಿಟ್ ಇದ್ದರೆ ಚಳಿಗಾಲಕ್ಕೆ ಅದೇ ಹೆಚ್ಚು ಹಿತ. ಕಾಗದದ ನಕ್ಷತ್ರವನ್ನು ಮಡಿಚಿಟ್ಟರೆ ಮರುವರ್ಷಕ್ಕೂ ಆಗುತ್ತದೆ.

2026ರಲ್ಲಿ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 29ರಂದು ಬರುತ್ತದೆ. ಕೊಬ್ಬರಿಯನ್ನು ಅಂದೇ ತುರಿದಿಡಬಹುದು.