ಸಂಧಿರೋಗದ ನಿದಾನ: ನೆಲೆಸೋಂಕಿನ ವಾದದ ಏಳುಬೀಳು

‘ನಿದಾನ’ವೆಂಬ ಶಬ್ದಕ್ಕೆ ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿ ಎರಡು ಅರ್ಥಗಳುಂಟು. ರೋಗವನ್ನು ಹುಟ್ಟಿಸಿದ ಕಾರಣವೂ ನಿದಾನವೇ. ರೋಗವು ಇಂಥದೆಂದು ನಿಶ್ಚಯಿಸುವ ಕಾರ್ಯವೂ ನಿದಾನವೇ. ಕ್ರಿ.ಶ. ಏಳು-ಎಂಟನೆಯ ಶತಮಾನದವನೆಂದು ಎಣಿಸಲಾಗುವ ಮಾಧವಕರನು ತನ್ನ ‘ರೋಗವಿನಿಶ್ಚಯ’ವೆಂಬ ಗ್ರಂಥದಲ್ಲಿ ರೋಗವನ್ನು ಅರಿಯಲು ಐದು ಸಾಧನಗಳನ್ನು ಹೇಳಿದ್ದಾನೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಉಪಶಯವೆಂದರೆ, ಒಂದು ಔಷಧದಿಂದಲೋ ಆಹಾರವಿಹಾರದಿಂದಲೋ ರೋಗಿಗೆ ಹಿತವಾಯಿತೇ ಇಲ್ಲವೇ ಎಂಬುದನ್ನು ನೋಡಿ, ಅದರಿಂದ ಹಿಂದಕ್ಕೆ ತರ್ಕಿಸಿ ರೋಗವನ್ನು ಊಹಿಸುವುದು. ಈ ಕ್ರಮವು ಆಯುರ್ವೇದಕ್ಕೆ ಮಾತ್ರ ಸೇರಿದುದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಯೂರೋಪು ಅಮೆರಿಕಗಳ ಅತ್ಯಂತ ಸುಸಜ್ಜಿತ ಆಸ್ಪತ್ರೆಗಳಲ್ಲಿ ಸಂಧಿರೋಗದ ಕಾರಣವನ್ನು ನಿರ್ಣಯಿಸಿದ ಬಗೆಯೂ ಬಹುಮಟ್ಟಿಗೆ ಇದೇ ಆಗಿತ್ತು. ಆ ನಿರ್ಣಯವು ಹೇಗೆ ಬಲಗೊಂಡಿತು, ಹೇಗೆ ಬಿದ್ದುಹೋಯಿತು ಎಂಬುದೇ ಈ ಲೇಖನದ ವಿಷಯ. ನಾವು ವೈದ್ಯರಲ್ಲ, ಇತಿಹಾಸವನ್ನು ಬೋಧಿಸುವವರು. ಆದುದರಿಂದ ಚಿಕಿತ್ಸೆಯ ಉಪದೇಶವನ್ನು ಇಲ್ಲಿ ಯಾರೂ ನಿರೀಕ್ಷಿಸಬಾರದು.

ಹತ್ತೊಂಬತ್ತನೆಯ ಶತಮಾನದವರೆಗೆ ಕೀಲುಗಳ ನೋವೆಲ್ಲವೂ ಹೆಚ್ಚುಕಡಮೆ ಒಂದೇ ರಾಶಿಯಲ್ಲಿ ಬಿದ್ದಿತ್ತು. 1800ರಲ್ಲಿ ಪ್ಯಾರಿಸಿನ ಲಾಂದ್ರೆ-ಬೋವೇ ಎಂಬ ತರುಣ ವೈದ್ಯನು, ಬಹುಮಟ್ಟಿಗೆ ಬಡ ಹೆಂಗಸರಲ್ಲಿ ಕಾಣುವ, ಹಲವು ಕೀಲುಗಳನ್ನು ಒಟ್ಟಿಗೆ ಹಿಡಿಯುವ ಒಂದು ದೀರ್ಘವ್ಯಾಧಿಯನ್ನು ಬೇರ್ಪಡಿಸಿ ವರ್ಣಿಸಿದನು. ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ 1848ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಅಧಿಕವಾಗಿರುವುದನ್ನು ತೋರಿಸಿದನು. ಈ ಆಮ್ಲಾಧಿಕ್ಯವಿಲ್ಲದ ಇನ್ನೊಂದು ವ್ಯಾಧಿಗೆ 1859ರಲ್ಲಿ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರನ್ನು ಸೂಚಿಸಿದನು. ಗೌಟಿಗೆ ಹೀಗೆ ಒಂದು ಕಾರಣ ದೊರೆಯಿತು. ರುಮಟಾಯ್ಡಿಗೆ ಹೆಸರು ಮಾತ್ರ ದೊರೆಯಿತು.

ಆ ತೆರವಾದ ಸ್ಥಾನವನ್ನು ರೋಗಾಣುಗಳು ತುಂಬಿದುದು ಸಹಜವೇ. 1879ರಲ್ಲಿ ನೈಸರ್ ಗೊನೋರಿಯಾದ ರೋಗಾಣುವನ್ನೂ 1882ರಲ್ಲಿ ಕಾಖ್ ಕ್ಷಯದ ರೋಗಾಣುವನ್ನೂ ಕಂಡುಹಿಡಿದರು. ಈ ಎರಡು ರೋಗಗಳೂ ಕೀಲುಗಳನ್ನು ಹಿಡಿಯಬಲ್ಲವು. ಹಾಗಿದ್ದಲ್ಲಿ ರುಮಟಾಯ್ಡಿಗೂ ಒಂದು ರೋಗಾಣು ಇರಲೇಬೇಕು. ಕೀಲಿನಲ್ಲಿ ಕಾಣದಿದ್ದರೆ ಅದು ದೇಹದಲ್ಲಿ ಬೇರೆಲ್ಲಿಯೋ ಅಡಗಿದೆ ಎಂದು ತರ್ಕಿಸಲಾಯಿತು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಭಾಷಣ ಮಾಡಿ, ದಂತವೈದ್ಯರು ಹೊದಿಸುವ ಚಿನ್ನದ ಕವಚಗಳ ಅಡಿಯಲ್ಲಿ ಕೀವು ಬಲಿಯುತ್ತಿದೆ, ಅದೇ ಎಷ್ಟೋ ರೋಗಗಳ ಮೂಲ ಎಂದು ಕಟುವಾಗಿ ಆಕ್ಷೇಪಿಸಿದನು. 1912ರಲ್ಲಿ ಷಿಕಾಗೋದ ಫ್ರಾಂಕ್ ಬಿಲಿಂಗ್ಸ್ ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟನು. ಹಲ್ಲಿನ ಬೇರಿನಲ್ಲಿ, ಟಾನ್ಸಿಲಿನಲ್ಲಿ, ಮೂಗಿನ ಪಕ್ಕದ ಕುಹರಗಳಲ್ಲಿ ಸೋಂಕಿನ ಒಂದು ನೆಲೆ ಇರುತ್ತದೆ; ಅಲ್ಲಿಂದ ರೋಗಾಣುಗಳು ರಕ್ತದ ಮೂಲಕ ಹೋಗಿ ಕೀಲುಗಳಲ್ಲಿ ತಂಗುತ್ತವೆ; ನೆಲೆಯನ್ನು ಕಿತ್ತರೆ ರೋಗವು ನಿಲ್ಲುತ್ತದೆ. ಇದನ್ನು ನಾವು ‘ನೆಲೆಸೋಂಕಿನ ವಾದ’ವೆಂದು ಕರೆಯುತ್ತೇವೆ. ಬಿಲಿಂಗ್ಸನ ಸಹೋದ್ಯೋಗಿ ರೋಸೆನೌ ಇಂಥ ನೆಲೆಗಳಿಂದ ತೆಗೆದ ಸ್ಟ್ರೆಪ್ಟೊಕಾಕಸ್ಸುಗಳನ್ನು ಮೊಲಗಳಿಗೆ ಚುಚ್ಚಿ, ಅವು ಆಯಾ ಅಂಗವನ್ನೇ ಹುಡುಕಿಕೊಂಡು ಹೋಗುವುವೆಂದು ಸಾರಿದನು. ಮುಂದೆ ಅವನು ಮೇಯೋ ಕ್ಲಿನಿಕ್ಕಿಗೆ ಹೋಗಿ ಈ ಸಂಶೋಧನೆಯನ್ನು ಬಹುಕಾಲ ನಡಸಿದನು. ಅಜೀರ್ಣದಿಂದ ಹುಟ್ಟಿದ ‘ಆಮ’ವು ವಾತದೊಡನೆ ಸಂಧಿಗಳಿಗೆ ಸರಿದು ಆಮವಾತವನ್ನು ಉಂಟುಮಾಡುವುದೆಂಬ ಮಾಧವಕರನ ವಿವರಣೆಯನ್ನು ಬಲ್ಲವರಿಗೆ ಈ ತರ್ಕದ ಆಕಾರವು ಅಪರಿಚಿತವೆನಿಸದು. ಬೇನೆಯ ಸ್ಥಾನ ಒಂದು, ಅದರ ಮೂಲ ದೂರದ ಇನ್ನೊಂದು.

ವಾದವು ಕಾಗದದ ಮೇಲೆಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. 1910ರಿಂದ ಸುಮಾರು ಮೂವತ್ತು ವರ್ಷಗಳ ಕಾಲ ಕೀಲುನೋವಿನ ರೋಗಿಗಳು ಹಲ್ಲುಗಳನ್ನೂ ಟಾನ್ಸಿಲುಗಳನ್ನೂ ಕಳೆದುಕೊಂಡರು. ಕೆಲವೆಡೆ ಪಿತ್ತಕೋಶವನ್ನೂ ಬಿಡಲಿಲ್ಲ. ಪುಸ್ತಕಗಳಿಂದ ಅಳಿದ ಮೇಲೂ ಈ ಪದ್ಧತಿ ರೂಢಿಯಿಂದ ಬೇಗ ಅಳಿಯಲಿಲ್ಲ. ನಮ್ಮ ಅಜ್ಜಿಯವರು ಮೂವತ್ತು ತುಂಬುವ ಮೊದಲೇ ಬೆರಳುಗಳ ಬಾವಿಗೆಂದು ಹಲ್ಲುಗಳನ್ನೆಲ್ಲ ಕೀಳಿಸಿಕೊಂಡಿದ್ದರು. ಮೊದಲ ನಾಲ್ಕು ತಿಂಗಳು ಗುಣವಾಯಿತೆಂದು ಮನೆಯವರೆಲ್ಲ ನಂಬಿದರಂತೆ. ನಾವು ಬಲ್ಲಂದಿನಿಂದ ಅವರ ಬೆರಳುಗಳು ಒಂದು ಪಕ್ಕಕ್ಕೆ ಬಾಗಿಯೇ ಇದ್ದುವು. ಅವಲಕ್ಕಿಯನ್ನು ಮೊಸರಿನಲ್ಲಿ ನೆನೆಸದೆ ತಿನ್ನಲಾರದೆಯೂ ಇದ್ದರು. ಆದರೂ, “ಹಲ್ಲು ಹೋದುದಕ್ಕೇ ಇಷ್ಟಾದರೂ ಕೈ ಉಳಿಯಿತು” ಎಂದು ಕೊನೆಯವರೆಗೂ ಹೇಳುತ್ತಿದ್ದರು.

ಆ ನಾಲ್ಕು ತಿಂಗಳಲ್ಲಿಯೇ ಸಮಸ್ಯೆಯ ಮರ್ಮವಿದೆ. ರುಮಟಾಯ್ಡ್ ರೋಗವು ಒಂದೇ ಸಮನೆ ಏರುವಂಥದಲ್ಲ. ಉಲ್ಬಣಿಸುವುದು, ತಾನಾಗಿ ತಗ್ಗುವುದು, ಮತ್ತೆ ಉಲ್ಬಣಿಸುವುದು ಅದರ ಸ್ವಭಾವ. ರೋಗಿಯು ಶಸ್ತ್ರಕ್ರಿಯೆಗೆ ಒಪ್ಪುವುದು ನೋವು ಪರಾಕಾಷ್ಠೆಯಲ್ಲಿರುವಾಗ. ಅಲ್ಲಿಂದ ಮುಂದೆ ನೋವು ಕೆಲಕಾಲ ಇಳಿಯುವ ಸಂಭವವೇ ಹೆಚ್ಚು. ಇಳಿದಾಗ ಕಿತ್ತ ಹಲ್ಲಿಗೆ ಕೀರ್ತಿ. ಇಳಿಯದಿದ್ದರೆ ಇನ್ನೊಂದು ನೆಲೆ ಉಳಿದಿದೆಯೆಂಬ ಸಮಾಧಾನ. ಯಾವ ಫಲ ಬಂದರೂ ವಾದಕ್ಕೆ ಭಂಗವಿಲ್ಲ! ಮೇಲಾಗಿ, ಆಗತಾನೆ ಬಳಕೆಗೆ ಬಂದ ಎಕ್ಸ್‌ರೇ ಯಂತ್ರವು ಬೇಕೆಂದವರಿಗೆಲ್ಲ ಹಲ್ಲಿನ ಬೇರಿನಲ್ಲಿ ಒಂದು ಕಲೆಯನ್ನು ತೋರಿಸಿಕೊಡುತ್ತಿತ್ತು. ಆರೋಗ್ಯವಂತರ ಬಾಯಲ್ಲಿಯೂ ಅಂಥ ಕಲೆಗಳು ಎಷ್ಟಿರಬಹುದೆಂದು ಎಣಿಸಿ ನೋಡುವ ತಾಳ್ಮೆ ಕೆಲವರಿಗಷ್ಟೇ ಇದ್ದಿತು. ಉಪಶಯದಿಂದ ರೋಗವನ್ನು ಊಹಿಸುವ ಮಾರ್ಗದಲ್ಲಿ ಹುದುಗಿರುವ ಅಪಾಯವಿದು: ಚಿಕಿತ್ಸೆ ಪಡೆಯದವರ ಗತಿ ಏನಾಯಿತೆಂಬುದನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಹಿತವು ಏನನ್ನೂ ಸಾಧಿಸುವುದಿಲ್ಲ.

ಇದನ್ನು ಎಣಿಸಿ ನೋಡಿದವರಲ್ಲಿ ಪ್ರಮುಖನು ಅದೇ ವಾದದ ಪ್ರತಿಪಾದಕನೆಂಬುದು ಗಮನಾರ್ಹ. ನ್ಯೂಯಾರ್ಕಿನ ರಸೆಲ್ ಸೆಸಿಲ್ 1929ರಲ್ಲಿ ಇಬ್ಬರು ಸಂಗಡಿಗರೊಡನೆ ರೋಗಿಗಳ ರಕ್ತದಲ್ಲಿಯೂ ಕೀಲುಗಳಲ್ಲಿಯೂ ಸ್ಟ್ರೆಪ್ಟೊಕಾಕಸ್ಸುಗಳು ದೊರೆತುವೆಂದು ವರದಿ ಮಾಡಿದ್ದನು. ರೋಗವನ್ನು ‘ದೀರ್ಘಕಾಲೀನ ಸೋಂಕಿನ ಸಂಧಿರೋಗ’ವೆಂದೇ ಕರೆಯುತ್ತಿದ್ದನು. ಇತರರ ಪ್ರಯೋಗಶಾಲೆಗಳಲ್ಲಿ ಆ ಫಲವು ಸ್ಥಿರಪಡಲಿಲ್ಲ. 1938ರಲ್ಲಿ ಸೆಸಿಲನೂ ಆಂಜಿವೈನನೂ 200 ರೋಗಿಗಳ ವಿವರಗಳನ್ನು ಪರಿಶೀಲಿಸಿ, ಹಲ್ಲು ಟಾನ್ಸಿಲುಗಳನ್ನು ತೆಗೆಸಿಕೊಂಡವರಲ್ಲಿ ಬಹುಮಂದಿಗೆ ಯಾವ ಪ್ರಯೋಜನವೂ ಆಗಲಿಲ್ಲವೆಂದು ಬರೆದರು. ತಾನೇ ಕಟ್ಟಿದ ಮತವನ್ನು ತಾನೇ ಕೆಡವಿದ ಈ ಪ್ರಾಮಾಣಿಕತೆಗೆ ವೈದ್ಯಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಗೌರವ ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ತಪ್ಪು ಕಾರಣದಿಂದ ಹೊರಟವರಿಗೆ ಸರಿಯಾದ ಔಷಧ ದೊರೆತುದೂ ಉಂಟು. ಕ್ಷಯದ ರೋಗಾಣುವನ್ನು ಚಿನ್ನದ ಲವಣವು ತಡೆಯಬಲ್ಲುದೆಂದು ಕಾಖ್ 1890ರಲ್ಲಿ ತಿಳಿಸಿದ್ದನು. ರುಮಟಾಯ್ಡು ಕ್ಷಯವನ್ನು ಹೋಲುತ್ತದೆಂಬ ಭಾವನೆಯಿಂದ ಫ್ರಾನ್ಸಿನ ಫಾರೆಸ್ತ್ಯೇ 1929ರಲ್ಲಿ ಚಿನ್ನದ ಚುಚ್ಚುಮದ್ದನ್ನು ಪ್ರಯೋಗಿಸಿದನು. ಹೋಲಿಕೆ ಸುಳ್ಳಾಯಿತು, ಔಷಧದ ಪ್ರಯೋಜನವು ಮಾತ್ರ ಮುಂದೆ ತುಲನಾತ್ಮಕ ಪರೀಕ್ಷೆಗಳಲ್ಲಿಯೂ ನಿಂತಿತು. ಸ್ವೀಡನ್ನಿನ ನಾನಾ ಸ್ವಾರ್ಟ್ಸ್ ಸೋಂಕನ್ನು ಕಲ್ಪಿಸಿಕೊಂಡೇ ಸಲ್ಫಾ ಔಷಧವನ್ನೂ ಸ್ಯಾಲಿಸಿಲೇಟನ್ನೂ ಕೂಡಿಸಿ ರೂಪಿಸಿದ ಸಲ್ಫಸಲಜೀನ್ ಇಂದಿಗೂ ಬಳಕೆಯಲ್ಲಿದೆ.

ಸೋಂಕಿನ ವಾದಕ್ಕೆ ಪೆಟ್ಟು ಬಿದ್ದುದು ಎರಡು ಕಡೆಗಳಿಂದ. 1940ರಲ್ಲಿ ನಾರ್ವೆಯ ಎರಿಕ್ ವಾಲರ್, ರೋಗಿಗಳ ಸೀರಮ್ಮಿನಲ್ಲಿ ದೇಹದ ಪ್ರತಿಕಾಯಗಳ ಮೇಲೆಯೇ ವರ್ತಿಸುವ ಒಂದು ವಸ್ತುವಿನ ಕುರುಹನ್ನು ಪ್ರಕಟಿಸಿದನು. ಇಂದು ‘ರುಮಟಾಯ್ಡ್ ಫ್ಯಾಕ್ಟರ್’ ಎಂದು ಪರೀಕ್ಷಿಸುವುದು ಇದನ್ನೇ. 1948ರಲ್ಲಿ, ರೋಸೆನೌ ದುಡಿದಿದ್ದ ಅದೇ ಮೇಯೋ ಕ್ಲಿನಿಕ್ಕಿನಲ್ಲಿ, ಫಿಲಿಪ್ ಹೆಂಚ್ ಕಾರ್ಟಿಸೋನನ್ನು ಚುಚ್ಚಿ ಹಾಸಿಗೆ ಹಿಡಿದಿದ್ದ ರೋಗಿಯನ್ನು ನಡೆಯಿಸಿದನು. ಕಾರ್ಟಿಸೋನ್ ಸೋಂಕನ್ನು ತಡೆಯುವ ದೇಹಶಕ್ತಿಯನ್ನು ಕುಗ್ಗಿಸುವಂಥದು. ರೋಗಾಣುಗಳೇ ಕಾರಣವಾಗಿದ್ದರೆ ರೋಗಿಯು ಇನ್ನಷ್ಟು ಕೆಡಬೇಕಾಗಿತ್ತು. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ತನ್ನ ಕೀಲುಗಳ ಮೇಲೆ ತಿರುಗಿಬೀಳುವುದೆಂಬ ವಿವರಣೆಯು ಕ್ರಮೇಣ ನೆಲೆಗೊಂಡಿತು.

ಆದರೆ ಇಷ್ಟರಿಂದಲೇ ಸೋಂಕಿಗೂ ಕೀಲಿಗೂ ಸಂಬಂಧವಿಲ್ಲವೆಂದುಕೊಂಡರೆ ಅದು ಇನ್ನೊಂದು ತುದಿಯ ತಪ್ಪು. ಸಂಬಂಧವು ಒಂದೇ ಬಗೆಯದಲ್ಲ. ಸ್ಟ್ಯಾಫಿಲೊಕಾಕಸ್ ಮೊದಲಾದುವು ನೇರವಾಗಿ ಕೀಲಿನೊಳಗೆ ಹೊಕ್ಕು ಕೀವುಗಟ್ಟಿಸಿ, ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ತಿಂದುಹಾಕುವುದುಂಟು. ಸಂಧಿಜ್ವರದಲ್ಲಿ ಹಾಗಲ್ಲ, 1931ರಲ್ಲಿ ಆಲ್ವಿನ್ ಕೋಬರ್ನ್ ತೋರಿಸಿದಂತೆ ಗಂಟಲಿನ ಸ್ಟ್ರೆಪ್ಟೊಕಾಕಸ್ ಮುಂದೆ ನಡೆದು, ಕೆಲವು ವಾರಗಳ ಮೇಲೆ ಕೀಲು ಬಾಯುವುದು, ಆದರೆ ರೋಗಾಣುವು ಕೀಲಿನಲ್ಲಿ ಇರುವುದಿಲ್ಲ. 1975ರ ಸುಮಾರಿಗೆ ಅಮೆರಿಕದ ಲೈಮ್ ಎಂಬ ಊರಿನ ಸುತ್ತ ಮಕ್ಕಳಲ್ಲಿ ಕಂಡ ಸಂಧಿರೋಗವು, ತಾಯಂದಿರು ಹಟಹಿಡಿದು ಕೇಳಿದುದರಿಂದ ಪರಿಶೀಲನೆಗೆ ಬಂದು, ಉಣ್ಣೆಯ ಕಡಿತದಿಂದ ಹರಡುವ ಸೋಂಕೆಂದು ಗೊತ್ತಾಯಿತು. 1982ರಲ್ಲಿ ಅದರ ರೋಗಾಣುವೂ ಸಿಕ್ಕಿತು. ನಮ್ಮ ನಾಡಿಗೆ ಹತ್ತಿರದ ಉದಾಹರಣೆಯೆಂದರೆ ಚಿಕುನ್‌ಗುನ್ಯಾ. 1952-53ರಲ್ಲಿ ಟಾಂಗನ್ಯೀಕದಲ್ಲಿ ಗುರುತಿಸಲ್ಪಟ್ಟ ಈ ಜ್ವರದ ಹೆಸರಿಗೆ ಅಲ್ಲಿನ ಮಕೊಂಡೆ ಭಾಷೆಯಲ್ಲಿ ‘ಬಗ್ಗಿಸುವುದು’ ಎಂಬ ಅರ್ಥ. 2006ರಲ್ಲಿ ಭಾರತದಲ್ಲಿ ಎಣಿಕೆಗೆ ಬಂದ 13 ಲಕ್ಷಕ್ಕೂ ಮಿಕ್ಕ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಜ್ವರ ಬಿಟ್ಟು ತಿಂಗಳುಗಳಾದರೂ ಮುಂಜಾನೆ ಮುಷ್ಟಿ ಬಿಗಿಯಲಾರದೆ ಕುಳಿತವರನ್ನು ಆ ವರ್ಷ ಹಳ್ಳಿಹಳ್ಳಿಯ ಜಗುಲಿಗಳ ಮೇಲೆ ಕಾಣಬಹುದಾಗಿತ್ತು. ಅವರ ಬೇನೆಯನ್ನು ರುಮಟಾಯ್ಡಿನಿಂದ ಬೇರ್ಪಡಿಸುವುದು ವೈದ್ಯರಿಗೂ ಸುಲಭವಲ್ಲ.

ದೀರ್ಘವ್ಯಾಧಿಯುಳ್ಳವರಲ್ಲಿ ನಿದಾನವು ಇನ್ನೂ ಜಟಿಲವಾಗುತ್ತದೆ. ರುಮಟಾಯ್ಡಿನಿಂದ ಮೊದಲೇ ಹಾಳಾದ ಕೀಲಿನಲ್ಲಿ ಕೀವಿನ ಸೋಂಕು ಬೇರೂರುವುದು ಸುಲಭ. ಆದರೆ ‘ಹಳೆಯ ರೋಗವೇ ಉಲ್ಬಣಿಸಿದೆ’ ಎಂದು ರೋಗಿಯೂ ವೈದ್ಯನೂ ಭಾವಿಸಿಬಿಡುವರು. ಸ್ಟೆರಾಯ್ಡ್ ಸೇವಿಸುವವರಲ್ಲಿ ಜ್ವರವೂ ಕಾಣದಿರಬಹುದು. ಆದುದರಿಂದಲೇ, ಉಳಿದ ಕೀಲುಗಳು ಶಾಂತವಾಗಿದ್ದು ಒಂದು ಮಾತ್ರ ಕೆಂಪಗೆ ಬಿಸಿಯಾಗಿ ಊದಿಕೊಂಡರೆ ಸೂಜಿಯಿಂದ ಅದರ ದ್ರವವನ್ನು ತೆಗೆದು ನೋಡಬೇಕೆಂಬುದು ಈಗಿನ ನಿಯಮ. ಆ ದ್ರವದ ಘನ ಮಿಲಿಮೀಟರಿಗೆ 50,000ಕ್ಕೂ ಮೀರಿ ಬಿಳಿಯ ರಕ್ತಕಣಗಳಿದ್ದರೆ ಕೀವಿನ ಶಂಕೆ ಬಲಿಯುತ್ತದೆ. ರೋಗಾಣುವನ್ನು ಬೆಳೆಸಿ ನೋಡಿದರೆ ಅದರ ಜಾತಿ ತಿಳಿಯುತ್ತದೆ. ಮಕಾರ್ಟಿ ಮತ್ತು ಹಾಲಂಡರ್ 1961ರಲ್ಲಿ ತೋರಿಸಿಕೊಟ್ಟ ಕ್ರಮದಂತೆ ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಗೌಟಿನ ಹರಳುಗಳು ಹೊಳೆಯುತ್ತವೆ. ಆದರೆ ಹರಳು ಕಂಡಿತೆಂದು ಸೋಂಕಿಲ್ಲವೆನ್ನುವಂತಿಲ್ಲ. ಎರಡೂ ಒಂದೇ ಕೀಲಿನಲ್ಲಿರಬಹುದು.

ಸೋಂಕು ಚಿಕಿತ್ಸೆಯ ಹಿಂದೆಯೇ ಬರುವ ಬಗೆಯೂ ಈಗ ಸೇರಿಕೊಂಡಿದೆ. ಉರಿಯೂತವನ್ನು ನಡೆಸುವ ‘ಟಿ.ಎನ್.ಎಫ್.’ ಎಂಬ ವಸ್ತುವನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವು 1999ರಲ್ಲಿ ಅಮೆರಿಕದಲ್ಲಿ ರುಮಟಾಯ್ಡಿಗೆ ಅನುಮತಿ ಪಡೆಯಿತು. 2001ರಲ್ಲಿಯೇ ಅದನ್ನು ಪಡೆದ 70 ಮಂದಿಗೆ ಕ್ಷಯ ತಗುಲಿದ ವರದಿ ಹೊರಬಂದಿತು. ದೇಹದಲ್ಲಿ ನಿದ್ರಿಸುತ್ತಿದ್ದ ಕ್ಷಯಾಣುವನ್ನು ಕಟ್ಟಿಹಾಕಿದ್ದುದು ಅದೇ ವಸ್ತು. ಆದುದರಿಂದ ಇಂಥ ಔಷಧಕ್ಕೆ ಮೊದಲು ಎದೆಯ ಎಕ್ಸ್‌ರೇ ತೆಗೆದು, ಚರ್ಮದ ಇಲ್ಲವೆ ರಕ್ತದ ಪರೀಕ್ಷೆಯಿಂದ ಅಡಗಿದ ಕ್ಷಯವಿದೆಯೇ ಎಂದು ಹುಡುಕುವರು. ಬಿಲಿಂಗ್ಸನ ಶಿಷ್ಯರು ಅಡಗಿದ ನೆಲೆಯನ್ನು ಹುಡುಕಿದುದು ರೋಗದ ಕಾರಣವೆಂದು. ಇಂದಿನವರು ಹುಡುಕುವುದು ಚಿಕಿತ್ಸೆಯ ವಿಘ್ನವೆಂದು.

ಬಾಯಿಯೂ ಮತ್ತೆ ಚರ್ಚೆಗೆ ಬಂದಿದೆ. ವಸಡಿನ ರೋಗವನ್ನು ಉಂಟುಮಾಡುವ ಒಂದು ಬ್ಯಾಕ್ಟೀರಿಯಾವು ಪ್ರೋಟೀನುಗಳನ್ನು ಮಾರ್ಪಡಿಸಬಲ್ಲುದು. ಅಂಥದೇ ಮಾರ್ಪಟ್ಟ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ರುಮಟಾಯ್ಡ್ ರೋಗಿಗಳ ರಕ್ತದಲ್ಲಿ, ಕೀಲು ಬಾಯುವುದಕ್ಕೂ ವರ್ಷಗಳ ಮುಂಚೆಯೇ, ಕಾಣುತ್ತವೆ. ಈ ಎರಡರ ನಡುವೆ ಕಾರ್ಯಕಾರಣಸಂಬಂಧವು ಇನ್ನೂ ಸಿದ್ಧವಾಗಿಲ್ಲ. ಹೊಗೆಸೊಪ್ಪಿನ ಧೂಮಪಾನಕ್ಕೂ ವಂಶವಾಹಿಗಳಿಗೂ ಈ ರೋಗದಲ್ಲಿ ಪಾಲಿರುವುದು ಹೆಚ್ಚು ನಿಶ್ಚಿತ. ಈ ಬಾರಿ ಸಂಶೋಧಕರು ರೋಗಿಗಳ ವಸಡುಗಳೊಡನೆ ಆರೋಗ್ಯವಂತರ ವಸಡುಗಳನ್ನೂ ಹೋಲಿಸಿ ನೋಡುತ್ತಿದ್ದಾರೆ. ಹಲ್ಲುಗಳನ್ನು ಮಾತ್ರ ಇದ್ದಲ್ಲಿಯೇ ಬಿಟ್ಟಿದ್ದಾರೆ.