ನೆಲವಿದ್ದೂ ನೀರಿಲ್ಲದ ನವಾಹೊ ನಾಡು

ಅಮೆರಿಕದ ಅರಿಜೋನ, ನ್ಯೂ ಮೆಕ್ಸಿಕೊ ಮತ್ತು ಯೂಟಾ ರಾಜ್ಯಗಳಲ್ಲಿ ಸುಮಾರು 70,000 ಚದರ ಕಿ.ಮೀ. ಹರಡಿರುವ ನವಾಹೊ ನಾಡು, ಆ ದೇಶದ ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲೇ ಅತಿ ದೊಡ್ಡದು. ತಮ್ಮ ಭಾಷೆಯಲ್ಲಿ ತಮ್ಮನ್ನು ‘ದಿನೆ’, ಅಂದರೆ ‘ಜನ’, ಎಂದು ಕರೆದುಕೊಳ್ಳುವ ಈ ಸಮುದಾಯದ ಸದಸ್ಯರು ಸುಮಾರು 4 ಲಕ್ಷ. 1864ರಲ್ಲಿ ಅಮೆರಿಕದ ಸೈನ್ಯವು ಇವರ ಬೆಳೆಗಳನ್ನು ಸುಟ್ಟು, ಸಾವಿರಾರು ಮಂದಿಯನ್ನು ನೂರಾರು ಕಿ.ಮೀ. ನಡೆಸಿಕೊಂಡು ಹೋಗಿ ಬಾಸ್ಕ್ ರೆಡಾಂಡೊ ಎಂಬಲ್ಲಿ ಕೂಡಿಹಾಕಿತು. ‘ದೀರ್ಘ ನಡಿಗೆ’ ಎಂದು ಹೆಸರಾದ ಈ ಗಡೀಪಾರು ಮುಗಿದು ಅವರು ತಾಯ್ನೆಲಕ್ಕೆ ಮರಳಿದ್ದು 1868ರ ಒಪ್ಪಂದದಿಂದ.

ದಿನೆ ಬದುಕಿನ ಬುನಾದಿ ‘ಕೆ’ ಎಂಬ ನಂಟಿನ ಕಲ್ಪನೆ. ಇಲ್ಲಿ ಬೆಡಗು ತಾಯಿಯಿಂದ ಬರುತ್ತದೆ. ಅಪರಿಚಿತರಿಬ್ಬರು ಎದುರಾದಾಗ ತಾಯಿಯ ಬೆಡಗು, ತಂದೆಯ ಬೆಡಗು, ಬಳಿಕ ಇಬ್ಬರು ಅಜ್ಜಂದಿರ ಬೆಡಗುಗಳನ್ನು ಹೇಳಿಕೊಂಡು, ತಾವು ಪರಸ್ಪರ ಏನಾಗಬೇಕೆಂಬುದನ್ನು ಗೊತ್ತುಮಾಡಿಕೊಳ್ಳುತ್ತಾರೆ. ಪೂರ್ವಕ್ಕೆ ಬಾಗಿಲಿರುವ, ಮರ ಮತ್ತು ಮಣ್ಣಿನ ‘ಹೋಗನ್’ ಎಂಬ ಮನೆ ಇಂದಿಗೂ ಸಂಸ್ಕಾರಗಳ ಸ್ಥಾನವಾಗಿ ಉಳಿದಿದೆ. ಆಡಳಿತದಲ್ಲಿ, ವಿಂಡೋ ರಾಕ್ ಪಟ್ಟಣದಲ್ಲಿ 24 ಸದಸ್ಯರ ಶಾಸನ ಸಭೆ ಮತ್ತು ಚುನಾಯಿತ ಅಧ್ಯಕ್ಷರಿದ್ದರೆ, ಊರಿನ ಮಟ್ಟದಲ್ಲಿ ‘ಚಾಪ್ಟರ್’ ಎಂಬ 110 ಸ್ಥಳೀಯ ಘಟಕಗಳಿದ್ದು, ರಸ್ತೆ, ಮೇವು, ವಿದ್ಯುತ್ತು ಇತ್ಯಾದಿಗಳ ಚರ್ಚೆ ನಡೆಯುವುದು ಇವುಗಳ ಸಭಾಭವನಗಳಲ್ಲಿಯೇ. 2023ರಲ್ಲಿ ಕ್ರಿಸ್ಟಲಿನ್ ಕರ್ಲಿ ಶಾಸನ ಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು.

ಆದರೆ ಈ ನಾಡಿನ ಮೂರರಲ್ಲೊಂದು ಪಾಲು ಮನೆಗಳಿಗೆ ಇಂದಿಗೂ ನಲ್ಲಿ ನೀರಿಲ್ಲ. ಇಂಥ ಮನೆಯವರು ಪಿಕಪ್ ವಾಹನದ ಹಿಂಬದಿಯಲ್ಲಿ ಪ್ಲಾಸ್ಟಿಕ್ ಪೀಪಾಯಿಗಳನ್ನಿಟ್ಟು, ಮಣ್ಣಿನ ದಾರಿಯಲ್ಲಿ ಬಹುದೂರ ಹೋಗಿ ನೀರು ತುಂಬಿಸಿ ತರುತ್ತಾರೆ. ಅಡುಗೆ, ಸ್ನಾನ, ಕುರಿಗಳ ದಾಹ ಎಲ್ಲವೂ ಆ ಪೀಪಾಯಿಗಳಲ್ಲಿಯೇ ತೀರಬೇಕು. 2020ರಲ್ಲಿ ಕೋವಿಡ್ ಇಲ್ಲಿ ಉಗ್ರವಾಗಿ ಹಬ್ಬಿದಾಗ, ಪದೇ ಪದೇ ಕೈ ತೊಳೆಯಿರಿ ಎಂಬ ಸರಳ ಸೂಚನೆಯೂ ಇಂಥ ಮನೆಗಳಲ್ಲಿ ದುಬಾರಿಯಾಗಿತ್ತು.

ಇರುವ ನೀರಿನ ಮೇಲೂ ನಂಬಿಕೆ ಇಡುವಂತಿಲ್ಲ. 1944ರಿಂದ 1986ರವರೆಗೆ ಈ ನೆಲದಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರನ್ನು ತೆಗೆಯಲಾಯಿತು. ಅಣ್ವಸ್ತ್ರಗಳ ಆ ಕಾಲ ಮುಗಿದ ಮೇಲೆ 500ಕ್ಕೂ ಹೆಚ್ಚು ಗಣಿಗಳು ಪಾಳುಬಿದ್ದು, ಹಲವು ಬಾವಿಗಳ ನೀರಿನಲ್ಲಿ ಯುರೇನಿಯಂ ಮತ್ತು ಆರ್ಸೆನಿಕ್ ಮಿತಿ ಮೀರಿ ಸೇರಿಕೊಂಡಿವೆ. 1979ರ ಜುಲೈ 16ರಂದು ಚರ್ಚ್ ರಾಕ್ ಬಳಿ ಗಣಿತ್ಯಾಜ್ಯದ ಕಟ್ಟೆ ಒಡೆದು, ಸುಮಾರು 35 ಕೋಟಿ ಲೀಟರ್ ವಿಕಿರಣಯುಕ್ತ ನೀರು ಪುಯೆರ್ಕೊ ನದಿಗೆ ಹರಿಯಿತು. ಈ ಅನುಭವದಿಂದಲೇ ನವಾಹೊ ಶಾಸನ ಸಭೆ 2005ರಲ್ಲಿ ತನ್ನ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನು ನಿಷೇಧಿಸಿತು.

ಮೀಸಲು ಪ್ರದೇಶವನ್ನು ಕೊಟ್ಟಾಗ ಅಲ್ಲಿ ಬಾಳಲು ಬೇಕಾದ ನೀರಿನ ಹಕ್ಕನ್ನೂ ಕೊಟ್ಟಂತೆಯೇ ಎಂಬ ತತ್ತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲೇ ಒಪ್ಪಿತ್ತು. ಆದರೆ ಆ ನೀರು ಎಷ್ಟು, ಯಾವ ನದಿಯದು ಎಂಬುದನ್ನು ಸರ್ಕಾರವೇ ಅಳೆದು ದೊರಕಿಸಲು ಮುಂದಾಗಬೇಕೆಂದು ನವಾಹೊ ನಾಡು ಕೇಳಿದಾಗ, 2023ರ ಜೂನ್‌ನಲ್ಲಿ ಅದೇ ನ್ಯಾಯಾಲಯ 5–4ರ ಬಹುಮತದಿಂದ, 1868ರ ಒಪ್ಪಂದವು ಸರ್ಕಾರದ ಮೇಲೆ ಅಂಥ ಹೊಣೆಯನ್ನು ಹೊರಿಸಿಲ್ಲವೆಂದು ತೀರ್ಪಿತ್ತಿತು. ಹೀಗಾಗಿ ಸಂಧಾನದ ದಾರಿಯೇ ಮುಖ್ಯವಾಯಿತು. ಹೋಪಿ ಮತ್ತು ಸ್ಯಾನ್ ವಾನ್ ಸದರ್ನ್ ಪಾಯೂಟ್ ಸಮುದಾಯಗಳನ್ನೂ ಒಳಗೊಂಡ, 500 ಕೋಟಿ ಡಾಲರ್ ವೆಚ್ಚದ ಕೊಳವೆ ಜಾಲದ ಒಡಂಬಡಿಕೆಗೆ ನವಾಹೊ ಶಾಸನ ಸಭೆ 2024ರ ಮೇ ತಿಂಗಳಲ್ಲಿ ಸಮ್ಮತಿಸಿತಾದರೂ, ಅದು ಜಾರಿಯಾಗಲು ಅಮೆರಿಕದ ಸಂಸತ್ತಿನ ಅನುಮೋದನೆ ಮತ್ತು ಹಣ ಎರಡೂ ಬೇಕು.

1868ರ ಒಪ್ಪಂದದಲ್ಲಿ, ಬೇಸಾಯಕ್ಕೆ ತೊಡಗುವ ಕುಟುಂಬಗಳಿಗೆ ಬಿತ್ತನೆ ಬೀಜ ಮತ್ತು ಉಳುಮೆಯ ಸಲಕರಣೆಗಳನ್ನೂ, ಸಮುದಾಯಕ್ಕೆ 15,000 ಕುರಿ–ಮೇಕೆಗಳನ್ನೂ ಕೊಡುವುದಾಗಿ ಬರೆದಿತ್ತು. ನೀರಿನ ಮಾತನ್ನು ಅದರಲ್ಲಿ ಬರೆದಿರಲಿಲ್ಲ.